ಎಸ್‌ಡಿಎ, ಗ್ರಾಮ ಆಡಳಿತ ಅಧಿಕಾರಿ, ಕಾನ್‌ಸ್ಟೆಬಲ್, ಪಿಡಿಒ, ಶಿಕ್ಷಕ: ಸಂಬಳವೆಷ್ಟು, ದುಡಿಮೆ ಎಷ್ಟು ಹೊತ್ತು?

ಕೆಪಿಎಸ್‌ಸಿ, ಕೆಇಎ, ಪೊಲೀಸ್ ನೇಮಕಾತಿ, ಹೀಗೆ ಸಿಕ್ಕಿದ್ದಕ್ಕೆಲ್ಲ ಅರ್ಜಿ ಹಾಕಿ ಓದಿದವರಿಗೆ ಒಂದಲ್ಲ ಎರಡು ಆಯ್ಕೆಪಟ್ಟಿಯಲ್ಲಿ ಹೆಸರು ಬರುವುದು ಅಪರೂಪವೇನಲ್ಲ. ಬಂದಾಗ ಮನೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಯಾವುದಕ್ಕೆ ಬೇಸಿಕ್ ಜಾಸ್ತಿ?’ ಎಂಬುದು. ಅದೊಂದೇ ಅಂಕಿ ನೋಡಿ ಸೇರಿದವರಲ್ಲಿ ಹಲವರು ವರ್ಷದೊಳಗೆ ಬೇರೆ ಪರೀಕ್ಷೆಗೆ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಕೇಳಿಕೊಂಡು ಮೇಲಧಿಕಾರಿಯ ಮುಂದೆ ನಿಂತಿರುತ್ತಾರೆ. ಕೈಗೆ ಬರುವ ಹಣವನ್ನು ದುಡಿಯುವ ಗಂಟೆಗಳ ಪಕ್ಕದಲ್ಲಿಟ್ಟು ನೋಡಿದರೆ ಹುದ್ದೆಗಳ ಸಾಲು ಸಾಕಷ್ಟು ಅದಲುಬದಲಾಗುತ್ತದೆ. ಕರ್ನಾಟಕ ಸರ್ಕಾರದಲ್ಲಿ ಪಿಯುಸಿ ಅಥವಾ ಪದವಿ ಮುಗಿಸಿದವರು ಹೆಚ್ಚಾಗಿ ಪೈಪೋಟಿ ನಡೆಸುವ ಹುದ್ದೆಗಳನ್ನು ಇಲ್ಲಿ ಹಾಗೆ ಇಟ್ಟು ನೋಡೋಣ.

ಮೊದಲು ಅಳತೆಗೋಲು

ಐದು ಸಂಗತಿ ಸಾಕು. ಕಡಿತವೆಲ್ಲ ಹೋಗಿ ತಿಂಗಳಿಗೆ ಕೈಗೆ ಬರುವುದೆಷ್ಟು. ಕೆಲಸದ ಹೊತ್ತಿಗೆ ಕೊನೆ ಇದೆಯೇ, ಅಂದರೆ ಸಂಜೆ ಫೋನ್ ಬಂದರೆ ಎದ್ದು ಹೋಗಲೇಬೇಕೇ. ವರ್ಷಕ್ಕೆ ರಜೆ ಎಷ್ಟು, ಕೇಳಿದಾಗ ಸಿಗುತ್ತದೆಯೇ. ನೇಮಕಾತಿಯ ಘಟಕ ಯಾವುದು (ಜಿಲ್ಲೆಯೋ, ವಿಭಾಗವೋ, ರಾಜ್ಯವೋ), ಏಕೆಂದರೆ ಮುಂದೆ ಊರಿನ ಹತ್ತಿರ ಬರಲಾಗುತ್ತದೋ ಇಲ್ಲವೋ ಎಂಬುದನ್ನು ಅದೇ ತೀರ್ಮಾನಿಸುತ್ತದೆ. ಕೊನೆಯದು, ಹತ್ತು ವರ್ಷದ ನಂತರ ಎಲ್ಲಿರುತ್ತೀರಿ.

ಪಿಂಚಣಿಯನ್ನು ಈ ಪಟ್ಟಿಗೆ ಸೇರಿಸಿಲ್ಲ. 2006ರ ಏಪ್ರಿಲ್ 1ರ ನಂತರ ಸೇರಿದ ರಾಜ್ಯ ಸರ್ಕಾರಿ ನೌಕರರು ನೂತನ ಪಿಂಚಣಿ ಯೋಜನೆಗೆ (ಎನ್‌ಪಿಎಸ್) ಬರುತ್ತಾರೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿದ ಮೊತ್ತದ ಶೇ 10 ನಿಮ್ಮದು, ಶೇ 14 ಸರ್ಕಾರದ್ದು. ಎಸ್‌ಡಿಎಗೂ (ದ್ವಿತೀಯ ದರ್ಜೆ ಸಹಾಯಕ) ಪಿಎಸ್‌ಐಗೂ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಇದೇ ನಿಯಮ.

ಸಂಬಳದ ಚೀಟಿ ಓದುವುದು ಹೇಗೆ

ಏಳನೇ ರಾಜ್ಯ ವೇತನ ಆಯೋಗದ ಶ್ರೇಣಿಗಳು 2024ರ ಆಗಸ್ಟ್ 1ರಿಂದ ಜಾರಿಯಲ್ಲಿವೆ. ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಇಲ್ಲಿ ಎಡವುವವರು ಬಹಳ. ಅದಕ್ಕೂ ಮುಂಚೆ ಹೊರಟ ಅಧಿಸೂಚನೆಗಳಲ್ಲಿ ಹಳೆಯ ಶ್ರೇಣಿಯೇ ಅಚ್ಚಾಗಿದೆ. ಒಂದು ಹುದ್ದೆಯ ಹಳೆಯ ಶ್ರೇಣಿಯನ್ನು ಇನ್ನೊಂದರ ಹೊಸ ಶ್ರೇಣಿಯ ಜೊತೆ ಹೋಲಿಸಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಹಳೆಯ ಅಂಕಿಯನ್ನು 1.585ರಿಂದ ಗುಣಿಸಿ, ಬಂದದ್ದರ ಹತ್ತಿರದ ಮೇಲಿನ ಹಂತವೇ ಹೊಸ ಅಂಕಿ.

ಹೊಸ ಶ್ರೇಣಿಗಳು ಹೀಗಿವೆ:

- ಎಸ್‌ಡಿಎ ಮತ್ತು ಗ್ರಾಮ ಆಡಳಿತ ಅಧಿಕಾರಿ (ವಿಎಒ): 34,100–67,600
- ಪೊಲೀಸ್ ಕಾನ್‌ಸ್ಟೆಬಲ್: 37,500–76,100
- ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕ: 44,425–83,700
- ಪ್ರೌಢಶಾಲಾ ಸಹಶಿಕ್ಷಕ: 54,175–99,400
- ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ಪಿಎಸ್‌ಐ: 61,300–1,12,900

ಇದರ ಮೇಲೆ ತುಟ್ಟಿಭತ್ಯೆ (ಡಿಎ). 2025ರ ಜುಲೈ 1ರಿಂದ ಅನ್ವಯವಾದ ದರ ಶೇ 14.25, ಕೆಳಗಿನ ಲೆಕ್ಕಗಳೆಲ್ಲ ಅದೇ ದರದವು. ಡಿಎ ಏರಿದಾಗ ಎಲ್ಲ ಹುದ್ದೆಗೂ ಅದೇ ಪ್ರಮಾಣದಲ್ಲಿ ಏರುವುದರಿಂದ ಹೋಲಿಕೆ ಕೆಡುವುದಿಲ್ಲ. ಆಮೇಲೆ ಮನೆ ಬಾಡಿಗೆ ಭತ್ಯೆ: 25 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರ, ಅಂದರೆ ಬೆಂಗಳೂರಿನಲ್ಲಿ ಮೂಲ ವೇತನದ ಶೇ 20, ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ನಗರಗಳಲ್ಲಿ ಶೇ 15, ಉಳಿದ ಕಡೆ ಶೇ 7.5.

ಒಂದು ಚೀಟಿಯನ್ನು ಬಿಡಿಸಿ ನೋಡೋಣ. ತಾಲ್ಲೂಕು ಕೇಂದ್ರದಲ್ಲಿರುವ ಹೊಸ ಎಸ್‌ಡಿಎಗೆ ಮೂಲ ವೇತನ 34,100, ಡಿಎ 4,859, ಬಾಡಿಗೆ ಭತ್ಯೆ 2,558. ಒಟ್ಟು 41,517 ರೂಪಾಯಿ. ಇದರಲ್ಲಿ ಎನ್‌ಪಿಎಸ್‌ಗೆ 3,896 ಹೋಗುತ್ತದೆ. ಹೊಸಬರು ಮರೆಯುವುದು ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಕಂತನ್ನು. ಇದು ಕಡ್ಡಾಯ ವಿಮೆ. ಶ್ರೇಣಿಯ ಕನಿಷ್ಠ-ಗರಿಷ್ಠಗಳ ಸರಾಸರಿಯ ಶೇ 6.25ರಷ್ಟಾದರೂ ಕಟ್ಟಬೇಕು. 34,100 ಮತ್ತು 67,600ರ ಸರಾಸರಿ 50,850, ಅದರ ಶೇ 6.25 ಎಂದರೆ ಸುಮಾರು 3,180. ವೃತ್ತಿ ತೆರಿಗೆ 200. ಗುಂಪು ವಿಮೆ ಮತ್ತು ಆರೋಗ್ಯ ಸಂಜೀವಿನಿ ವಂತಿಗೆಗೆ ಇನ್ನು ಕೆಲವು ನೂರು. ಕೊನೆಗೆ ಬ್ಯಾಂಕ್ ಖಾತೆಗೆ ಬೀಳುವುದು 33,500ರ ಆಸುಪಾಸು. ಇದೇ ಹುದ್ದೆ ಬೆಂಗಳೂರಿನಲ್ಲಾದರೆ 4,262 ರೂಪಾಯಿ ಹೆಚ್ಚು. ಆ ನಾಲ್ಕು ಸಾವಿರಕ್ಕೆ ಬೆಂಗಳೂರಿನಲ್ಲಿ ಹೆಚ್ಚುವರಿ ಬಾಡಿಗೆಯೂ ತುಂಬುವುದಿಲ್ಲ. ಸ್ವಂತ ಮನೆ ಇದ್ದವರನ್ನು ಬಿಟ್ಟು ಉಳಿದವರಿಗೆ, ಕೆಳಹಂತದ ಹುದ್ದೆಯಲ್ಲಿ ಸಣ್ಣ ಊರೇ ಹೆಚ್ಚು ಉಳಿತಾಯ ಕೊಡುತ್ತದೆ.

ಹೀಗೆಯೇ ಶೇ 7.5ರ ಊರುಗಳಲ್ಲಿ ಕಡಿತಕ್ಕೆ ಮುಂಚಿನ ಒಟ್ಟು ಸಂಬಳ ಕಾನ್‌ಸ್ಟೆಬಲ್‌ಗೆ 45,657, ಎಫ್‌ಡಿಎಗೂ ಪದವೀಧರ ಶಿಕ್ಷಕರಿಗೂ 54,088, ಪ್ರೌಢಶಾಲಾ ಶಿಕ್ಷಕರಿಗೆ 65,958, ಪಿಡಿಒ ಮತ್ತು ಪಿಎಸ್‌ಐಗೆ 74,633.

ಸೇರಿದ ಮೊದಲ ತಿಂಗಳೇ ಹಣ ಬರುತ್ತದೆಂದು ನಂಬಿ ಸಾಲದ ಕಂತು ಹೊಂದಿಸಬೇಡಿ. ಕೆಜಿಐಡಿ ಸಂಖ್ಯೆ, ಎನ್‌ಪಿಎಸ್ ಖಾತೆಯ ಪ್ರಾನ್ ಸಂಖ್ಯೆ, ವೇತನ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಹೆಸರು ಸೇರ್ಪಡೆ ಇವೆಲ್ಲ ಆದ ಮೇಲೆಯೇ ಬಿಲ್ಲು ತಯಾರಾಗುವುದು. ಎರಡು ಮೂರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಸೇರಿ. ತಡವಾದ ತಿಂಗಳುಗಳ ಹಣ ಬಾಕಿಯಾಗಿ ಒಟ್ಟಿಗೆ ಬರುತ್ತದೆ.

ಎಸ್‌ಡಿಎ, ಎಫ್‌ಡಿಎ: ಗಡಿಯಾರ ಇರುವ ಕೆಲಸ

ಕಚೇರಿ ವೇಳೆ ಬೆಳಿಗ್ಗೆ 10ರಿಂದ ಸಂಜೆ 5.30. ಊಟದ ಬಿಡುವು ಬಿಟ್ಟರೆ ದಿನಕ್ಕೆ ಏಳು ಗಂಟೆಗಿಂತ ತುಸು ಕಡಿಮೆ. ಭಾನುವಾರದ ಜೊತೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ನಾಲ್ಕನೇ ಶನಿವಾರದ ರಜೆ 2019ರಲ್ಲಿ ಬಂದಾಗ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಲಾಯಿತು. ವರ್ಷಕ್ಕೆ 30 ಗಳಿಕೆ ರಜೆ ಖಾತೆಗೆ ಸೇರುತ್ತದೆ, 300ರವರೆಗೆ ಕೂಡಿಡಬಹುದು, ವರ್ಷಕ್ಕೆ 15 ದಿನದ್ದನ್ನು ನಗದು ಮಾಡಿಕೊಳ್ಳಬಹುದು. ತಿಂಗಳಿಗೆ 22 ದಿನ, ಸುಮಾರು 150 ಗಂಟೆ ಎಂದಿಟ್ಟುಕೊಂಡರೆ ಎಸ್‌ಡಿಎಯ ಒಂದು ಗಂಟೆಯ ಬೆಲೆ 277 ರೂಪಾಯಿ, ಎಫ್‌ಡಿಎಯದು 360.

ಆದರೆ ಎಲ್ಲ ಎಸ್‌ಡಿಎಗಳ ದಿನವೂ ಒಂದೇ ತೆರನಲ್ಲ. ಇಲಾಖೆ ಇಲ್ಲಿ ಹುದ್ದೆಗಿಂತ ಮುಖ್ಯ. ತಾಲ್ಲೂಕು ಕಚೇರಿಯ ವಿಷಯ ನಿರ್ವಾಹಕರಿಗೆ ಚುನಾವಣೆ ಬಂದರೆ ರಾತ್ರಿ ಹತ್ತೂ ಒಂದೇ, ಸಂಜೆ ಐದೂ ಒಂದೇ. ಖಜಾನೆಯಲ್ಲಿ ಮಾರ್ಚ್ ಕೊನೆಯ ವಾರ ಮನೆಯವರ ಮುಖ ನೋಡಲಾಗದು. ಸಾಂಖ್ಯಿಕ ಇಲಾಖೆಯಂಥ, ಜನ ನೇರವಾಗಿ ಬರದ ಕಚೇರಿಗಳಲ್ಲಿ ವರ್ಷದ ಹೆಚ್ಚಿನ ದಿನ 5.30ಕ್ಕೆ ಬೀರುವಿಗೆ ಬೀಗ ಬೀಳುತ್ತದೆ. ಕೆಎಎಸ್‌ಗೆ ಓದುತ್ತಿರುವವರು ಇಲಾಖೆಗಳ ಆದ್ಯತಾ ಪಟ್ಟಿ ತುಂಬುವಾಗ ಕಂದಾಯವನ್ನು ಮೊದಲು ಬರೆಯುವುದು ಸಾಮಾನ್ಯ. ಅಧಿಕಾರ ಮತ್ತು ಬಡ್ತಿಗೆ ಅದು ಸರಿ, ಓದಿಗೆ ಸರಿಯಲ್ಲ. ಎರಡರಲ್ಲಿ ಯಾವುದು ಬೇಕೆಂದು ಮೊದಲೇ ನಿರ್ಧರಿಸಿ ಪಟ್ಟಿ ತುಂಬಿ.

ಪಿಯುಸಿ ಮಟ್ಟದ ಎಸ್‌ಡಿಎ ಸಿಕ್ಕಿದೆ, ಪದವಿ ಇದೆ, ಎಫ್‌ಡಿಎಗೆ ಕಾಯಲೇ ಎಂಬ ಪ್ರಶ್ನೆಗೆ ಉತ್ತರ ವರ್ಷಕ್ಕೊಮ್ಮೆ ಸಿಗುವ ವೇತನ ಬಡ್ತಿಯಲ್ಲಿದೆ. ಎಸ್‌ಡಿಎಗೆ ಮೊದಲ ವರ್ಷಗಳಲ್ಲಿ ಸಿಗುವ ಬಡ್ತಿ 800, ಆಮೇಲೆ 900, ಆಮೇಲೆ 1,000 ರೂಪಾಯಿ. ಹುದ್ದೆಯ ಬಡ್ತಿ ಇಲ್ಲದೆ ಹತ್ತು ವೇತನ ಬಡ್ತಿ ಕಳೆದರೆ ಮೂಲ ವೇತನ 43,300. ಎಫ್‌ಡಿಎಯ ಮೊದಲ ದಿನದ ಮೂಲ ವೇತನ 44,425. ಅಂದರೆ ಹತ್ತು ವರ್ಷದ ದುಡಿಮೆಯೂ ಆ ಒಂದು ಮೆಟ್ಟಿಲನ್ನು ದಾಟಿಸುವುದಿಲ್ಲ. ಹಾಗೆಂದು ಎಸ್‌ಡಿಎ ಬಿಟ್ಟು ಮನೆಯಲ್ಲಿ ಕೂರುವುದು ಜಾಣತನವಲ್ಲ. ಎರಡು ವರ್ಷ ಕಾದರೆ ಕಳೆದುಕೊಳ್ಳುವುದು ಹತ್ತಿರ ಹತ್ತಿರ ಹತ್ತು ಲಕ್ಷ ರೂಪಾಯಿ ಒಟ್ಟು ಸಂಬಳ. ಸೇರಿಕೊಳ್ಳಿ, ಓದು ನಿಲ್ಲಿಸಬೇಡಿ.

ಗ್ರಾಮ ಆಡಳಿತ ಅಧಿಕಾರಿ: ಅದೇ ಶ್ರೇಣಿ, ಬೇರೆ ಬದುಕು

ಶ್ರೇಣಿ ಎಸ್‌ಡಿಎಯದೇ. ಹಿಂದೆ ಗ್ರಾಮ ಲೆಕ್ಕಿಗರೆನ್ನುತ್ತಿದ್ದ ಈ ಹುದ್ದೆಗೆ ಊರಲ್ಲಿ ಸಿಗುವ ಗೌರವ ಎಸ್‌ಡಿಎಗೆ ಸಿಗದು, ಅದು ನಿಜ. ಆದರೆ ಕೆಲಸ ಒಂದು ವೃತ್ತದ ಹಲವು ಹಳ್ಳಿಗಳಲ್ಲಿ ಹರಡಿರುತ್ತದೆ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ಸ್ಥಳ ಪರಿಶೀಲನೆ, ಮ್ಯುಟೇಶನ್ (ಜಮೀನಿನ ಹಕ್ಕು ಬದಲಾವಣೆ) ವರದಿ, ಪಹಣಿಗೆ ಆಧಾರ್ ಜೋಡಣೆ, ಸರ್ಕಾರಿ ಜಮೀನಿನ ಗಡಿ ನೋಡಿ ಆ್ಯಪ್‌ನಲ್ಲಿ ದಾಖಲಿಸುವುದು, ಮಳೆಗಾಲದಲ್ಲಿ ಬಿದ್ದ ಮನೆಯ ಫೋಟೊ, ಬೆಳೆಹಾನಿ. ಒಂದೊಂದಕ್ಕೂ ಒಂದೊಂದು ಆ್ಯಪ್, ಒಂದೊಂದು ಗಡುವು. ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲಿ ಹಗಲು ತೆಗೆದ ಮಾಹಿತಿಯನ್ನು ರಾತ್ರಿ ಮನೆಯಲ್ಲಿ ಕೂತು ಅಪ್‌ಲೋಡ್ ಮಾಡುವುದು ಕೆಲಸದ ಹೊತ್ತಿನಲ್ಲಿ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ರಾಜ್ಯದಾದ್ಯಂತ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದ್ದಕ್ಕೆ ಈ ಆ್ಯಪ್‌ಗಳ ಹೊರೆಯೇ ದೊಡ್ಡ ಕಾರಣ. ಈ ಹುದ್ದೆ ಆಯ್ದುಕೊಳ್ಳುವವರು ಅದನ್ನು ಗಂಭೀರವಾಗಿ ಪರಿಗಣಿಸಬೇಕು.

ಖರ್ಚೂ ಇದೆ. ದಿನಕ್ಕೆ 40 ಕಿಲೋಮೀಟರ್ ಸ್ವಂತ ಬೈಕಿನಲ್ಲಿ ಓಡಾಡಿದರೆ ತಿಂಗಳಿಗೆ ಸುಮಾರು 20 ಲೀಟರ್ ಪೆಟ್ರೋಲ್, ಎರಡು ಸಾವಿರ ರೂಪಾಯಿಗೆ ಮೇಲೆಯೇ. ಶ್ರೇಣಿ ಒಂದೇ ಇದ್ದರೂ ಎಸ್‌ಡಿಎಗಿಂತ ಕೈಗೆ ಉಳಿಯುವುದು ಅಷ್ಟು ಕಡಿಮೆ.

ಹಾಗಾದರೆ ಇದು ಯಾರಿಗೆ? ಸ್ವಂತ ಜಿಲ್ಲೆಯಲ್ಲೇ ಇರಬೇಕೆನ್ನುವವರಿಗೆ. ನೇಮಕಾತಿ ಜಿಲ್ಲಾ ವೃಂದದಲ್ಲಿ ನಡೆಯುವುದರಿಂದ ಜಿಲ್ಲೆಯ ಹೊರಗೆ ಎತ್ತಿ ಹಾಕುವ ಭಯವಿಲ್ಲ. ಆದರೆ ಇದು ಎರಡು ಅಲಗಿನ ಕತ್ತಿ. ಕಟ್‌ಆಫ್ ಕಡಿಮೆಯಿದೆಯೆಂದು ದೂರದ ಜಿಲ್ಲೆಗೆ ಅರ್ಜಿ ಹಾಕಿ ಆಯ್ಕೆಯಾದರೆ ತಿರುಗಿ ಬರುವುದು ಬಹಳ ಕಷ್ಟ, ಬಂದರೂ ಜ್ಯೇಷ್ಠತೆ ಕೈತಪ್ಪುತ್ತದೆ. ಬಡ್ತಿಯ ದಾರಿ ರಾಜಸ್ವ ನಿರೀಕ್ಷಕ ಅಥವಾ ಎಫ್‌ಡಿಎ, ಮುಂದೆ ಶಿರಸ್ತೇದಾರ್ ಅಥವಾ ಉಪ ತಹಶೀಲ್ದಾರ್.

ಕಾನ್‌ಸ್ಟೆಬಲ್: 3,400 ರೂಪಾಯಿ ಹೆಚ್ಚಿನ ಬೆಲೆ

ಮೂಲ ವೇತನ ಎಸ್‌ಡಿಎಗಿಂತ 3,400 ಹೆಚ್ಚು. ಇದನ್ನೇ ನೋಡಿ ಎಸ್‌ಡಿಎ ಬಿಟ್ಟು ಪೊಲೀಸ್ ಸೇರುವವರಿದ್ದಾರೆ. ಗಂಟೆಯ ಲೆಕ್ಕಕ್ಕೆ ಬನ್ನಿ. ವಾರದ ಒಂದು ರಜೆ ತಪ್ಪದೆ ಸಿಕ್ಕಿ, ಎಂಟು ಗಂಟೆಯ ಪಾಳಿಯೇ ನಡೆದರೂ ತಿಂಗಳಿಗೆ 26 ದಿನ, 208 ಗಂಟೆ. ಗಂಟೆಗೆ 219 ರೂಪಾಯಿ. ಠಾಣೆಯಲ್ಲಿ ಸಿಬ್ಬಂದಿ ಕೊರತೆಯಿಂದ ಪಾಳಿ ಹತ್ತೂವರೆ ಗಂಟೆಗೆ ಎಳೆದರೆ 167 ರೂಪಾಯಿ. ಗಣೇಶನ ಹಬ್ಬ, ಚುನಾವಣೆ, ಜಾತ್ರೆ, ಊರೆಲ್ಲ ರಜೆಯಲ್ಲಿರುವಾಗಲೇ ಬಂದೋಬಸ್ತ್. ಎಸ್‌ಡಿಎಗೆ ನಿಯಮದಂತೆ ಸಿಗುವ ಸಾರ್ವತ್ರಿಕ ರಜೆಗಳಲ್ಲಿ ಬಹುಪಾಲು ಇಲ್ಲಿ ಕೆಲಸದ ದಿನಗಳೇ.

ಎದುರು ಬದಿಗೆ ಮೂರು ಸಂಗತಿ ಇಡಬೇಕು. ಪೊಲೀಸ್ ವಸತಿಗೃಹ ಸಿಕ್ಕರೆ ಬಾಡಿಗೆ ಭತ್ಯೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಅದು 7,500 ರೂಪಾಯಿ. ಅದೇ ಬಡಾವಣೆಯಲ್ಲಿ ಬಾಡಿಗೆ ಅದಕ್ಕಿಂತ ಹೆಚ್ಚಿದ್ದಷ್ಟೂ ನಿಮಗೆ ಲಾಭ. ಎರಡನೆಯದು, ಎಲ್ಲ ಪೊಲೀಸ್ ಕೆಲಸವೂ ಠಾಣೆಯದಲ್ಲ. ನಿಸ್ತಂತು ವಿಭಾಗ, ಎಸ್‌ಪಿ ಕಚೇರಿಯಂಥ ಕಡೆ ವೇಳೆ ಹೆಚ್ಚು ನಿಯತವಾಗಿರುತ್ತದೆ, ಆದರೆ ಆ ಜಾಗ ಹೊಸಬರಿಗೆ ಸುಲಭವಾಗಿ ಸಿಗುವುದಿಲ್ಲ. ಮೂರನೆಯದು, ಹೆಡ್ ಕಾನ್‌ಸ್ಟೆಬಲ್, ಎಎಸ್‌ಐ, ಪಿಎಸ್‌ಐ ಎಂದು ಬಡ್ತಿಯ ಮೆಟ್ಟಿಲು ಸ್ಪಷ್ಟವಾಗಿದೆ.

ಪಿಎಸ್‌ಐ ಆಗುವುದೇ ಗುರಿಯಾಗಿದ್ದರೆ ನೇರ ನೇಮಕಾತಿಗೆ ವಯಸ್ಸು ಇರುವಾಗಲೇ ಓದಿ. ಕಾನ್‌ಸ್ಟೆಬಲ್ ಆಗಿ ಹತ್ತು ವೇತನ ಬಡ್ತಿ ಪಡೆದರೆ ಮೂಲ ವೇತನ 47,800. ನೇರವಾಗಿ ಬಂದ ಪಿಎಸ್‌ಐ ಶುರು ಮಾಡುವುದೇ 61,300ರಲ್ಲಿ. ಇಬ್ಬರದೂ ಅದೇ ಠಾಣೆ, ಅದೇ ಹಬ್ಬದ ಬಂದೋಬಸ್ತ್.

ಪಿಡಿಒ: ದೊಡ್ಡ ಸಂಬಳ, ದೊಡ್ಡ ಸಹಿ

ಪದವಿ ಮಟ್ಟದಲ್ಲಿ ಸಂಬಳದ ದೃಷ್ಟಿಯಿಂದ, ಪಿಎಸ್‌ಐ ಬಿಟ್ಟರೆ, ಈ ಪಟ್ಟಿಯಲ್ಲಿ ಇದಕ್ಕೆ ಎದುರಿಲ್ಲ. ದಿನಕ್ಕೆ ಒಂಬತ್ತೂವರೆ ಗಂಟೆ, ತಿಂಗಳಿಗೆ 24 ದಿನ ದುಡಿಯುತ್ತೀರಿ ಎಂದುಕೊಂಡರೂ ಗಂಟೆಗೆ 327 ರೂಪಾಯಿ ಬೀಳುತ್ತದೆ, ಹತ್ತೂವರೆ ಗಂಟೆ ಪಾಳಿಯ ಕಾನ್‌ಸ್ಟೆಬಲ್‌ನ ಎರಡು ಪಟ್ಟಿಗೆ ಹತ್ತಿರ. ಹೊತ್ತಿಗೆ ಮಾತ್ರ ಗಡಿಯಿಲ್ಲ. ಬೋರ್‌ವೆಲ್ ಮೋಟಾರ್ ಸುಟ್ಟರೆ ಬೆಳಿಗ್ಗೆ ಆರಕ್ಕೆ ಫೋನ್, ಗ್ರಾಮಸಭೆಯಲ್ಲಿ ಗಲಾಟೆಯಾದರೆ ಸಂಜೆಯವರೆಗೆ ನಿಲ್ಲಬೇಕು, ಪಕ್ಕದ ಪಂಚಾಯಿತಿಯ ಹುದ್ದೆ ಖಾಲಿಯಿದ್ದರೆ ಅದರ ಪ್ರಭಾರವೂ ಹೆಗಲೇರುತ್ತದೆ.

ಆದರೆ ಪಿಡಿಒಗಳನ್ನು ನಿಜಕ್ಕೂ ಕಾಡುವುದು ಗಂಟೆಯಲ್ಲ, ಸಹಿ. ಪಂಚಾಯಿತಿಯ ಹಣ ಅಧ್ಯಕ್ಷರು ಮತ್ತು ಪಿಡಿಒ ಇಬ್ಬರ ಜಂಟಿ ಸಹಿಯಿಂದ ಹೊರಹೋಗುತ್ತದೆ. ಅಧ್ಯಕ್ಷರು ಅವಧಿ ಮುಗಿಸಿ ಮನೆಗೆ ಹೋಗುತ್ತಾರೆ. ಲೆಕ್ಕ ಪರಿಶೋಧನೆಯ ಆಕ್ಷೇಪಣೆ ಪಿಡಿಒ ಎಲ್ಲಿಗೆ ವರ್ಗವಾದರೂ ಬೆನ್ನಟ್ಟಿ ಬರುತ್ತದೆ. ಅಳತೆ ಪುಸ್ತಕದಲ್ಲಿ ನಮೂದಾಗದ ಕಾಮಗಾರಿಗೆ ಬಿಲ್ ಮಾಡುವುದು, ಕೊಟೇಶನ್ ಇಲ್ಲದೆ ಪೈಪು ಮೋಟಾರ್ ತರುವುದು, ದಾಖಲೆ ನೋಡದೆ ಇ-ಸ್ವತ್ತು (ಗ್ರಾಮದ ಆಸ್ತಿಯ ದಾಖಲೆ) ಕೊಡುವುದು, ವಸೂಲಿ ಮತ್ತು ಅಮಾನತಿನ ಪ್ರಕರಣಗಳು ಹುಟ್ಟುವುದು ಇಂಥ ಕಡೆ. ಒತ್ತಡ ಬಂದಾಗ ‘ಕಡತದಲ್ಲಿ ಬರೆದುಕೊಡಿ’ ಎಂದು ನೇರವಾಗಿ ಹೇಳುವ ಗಟ್ಟಿತನವಿದ್ದವರು ಈ ಹುದ್ದೆಯಲ್ಲಿ ಒಳ್ಳೆಯ ಕೆಲಸ ಮಾಡಬಲ್ಲರು. ಒಂದು ಊರಿಗೆ ನೀರು, ದೀಪ, ಗ್ರಂಥಾಲಯ ಕೊಡುವಷ್ಟು ಅವಕಾಶ ಗುಂಪು ಸಿಯ ಬೇರೆ ಯಾವ ಹುದ್ದೆಗೂ ಇಲ್ಲ. ಇಲ್ಲ ಎನ್ನಲು ಕಷ್ಟಪಡುವ ಸ್ವಭಾವದವರಿಗೆ ಎಫ್‌ಡಿಎ ಹೆಚ್ಚು ಸುರಕ್ಷಿತ, ತಿಂಗಳಿಗೆ ಇಪ್ಪತ್ತು ಸಾವಿರ ಕಡಿಮೆಯಾದರೂ.

ಶಿಕ್ಷಕರು: ರಜೆಯ ಲೆಕ್ಕ ಸರಿಯಾಗಿ ಹಾಕಿ

ಬೇಸಿಗೆ ರಜೆ, ದಸರಾ ರಜೆ ನೋಡಿ ಇದೇ ಹಗುರವೆಂದು ತೀರ್ಮಾನಿಸುವವರು ಎರಡು ಸಂಗತಿ ಗಮನಿಸಬೇಕು. ರಜಾಸಹಿತ ಇಲಾಖೆಯಾದ್ದರಿಂದ ಗಳಿಕೆ ರಜೆ ವರ್ಷಕ್ಕೆ 30 ಅಲ್ಲ, 10 ಮಾತ್ರ. ನಿವೃತ್ತಿಯ ಹೊತ್ತಿಗೆ ನಗದಾಗುವ ರಜೆಯ ಮೊತ್ತದಲ್ಲಿ ಇದರ ವ್ಯತ್ಯಾಸ ದೊಡ್ಡದು. ಎರಡನೆಯದಾಗಿ, ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಹೇಳಿದರೂ, ವಾರಕ್ಕೆ ಪಾಠದ ತಯಾರಿಯೂ ಸೇರಿ 45 ಗಂಟೆ ಕೆಲಸ ಹೇಳುತ್ತದೆ. ಗಣತಿ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ, ಸಮೀಕ್ಷೆಗಳು ಇದರ ಮೇಲೆ. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಆ ವರ್ಷದ ದಸರಾ ರಜೆಯನ್ನೇ ನುಂಗಿತು. ಮಕ್ಕಳಿಗೆ ಅಕ್ಟೋಬರ್ 18ರವರೆಗೆ ರಜೆ ವಿಸ್ತರಣೆಯಾಯಿತು, ಶಿಕ್ಷಕರು ಮನೆ ಮನೆ ಸುತ್ತಿದರು.

ಅಷ್ಟಾದರೂ, ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಈ ಪಟ್ಟಿಯಲ್ಲಿ ಇದಕ್ಕಿಂತ ಹೊಂದುವ ಹುದ್ದೆ ಇಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಹೊತ್ತು ನಿಮ್ಮದು, ಮಕ್ಕಳ ರಜೆ ನಿಮ್ಮ ರಜೆ. 180 ದಿನದ ಹೆರಿಗೆ ರಜೆ, ಅದರಾಚೆ 180 ದಿನದ ಶಿಶುಪಾಲನಾ ರಜೆ ಎಲ್ಲ ಇಲಾಖೆಯ ಮಹಿಳೆಯರಿಗೂ ಇವೆ. ಆದರೆ ಠಾಣೆಯಲ್ಲೋ ಒಬ್ಬರೇ ಇರುವ ವೃತ್ತದಲ್ಲೋ ಕೇಳಿ ಪಡೆಯುವುದು ಬೇರೆ ಮಾತು. ಪ್ರಾಥಮಿಕ ಶಿಕ್ಷಕರ ಘಟಕ ಜಿಲ್ಲೆ, ಪ್ರೌಢಶಾಲೆಯದು ವಿಭಾಗ. ವರ್ಗಾವಣೆ 2020ರ ಕಾಯ್ದೆಯಂತೆ ಕೌನ್ಸೆಲಿಂಗ್‌ನಲ್ಲಿ ನಡೆಯುತ್ತದೆ, ಶಿಫಾರಸಿಗೆ ಓಡಾಡುವ ಕಷ್ಟ ಕಡಿಮೆ.

ಪವರ್‌ಮ್ಯಾನ್ ಹುದ್ದೆಯ ಬಗ್ಗೆ ಒಂದು ಮಾತು

ಎಸ್‌ಎಸ್‌ಎಲ್‌ಸಿ ಆಧಾರದ ಮೇಲೆ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳು (ವಿದ್ಯುತ್ ಪ್ರಸರಣ ಮತ್ತು ವಿತರಣಾ ಕಂಪನಿಗಳು) ಕರೆಯುವ ಕಿರಿಯ ಪವರ್‌ಮ್ಯಾನ್, ಕಿರಿಯ ಸ್ಟೇಷನ್ ಪರಿಚಾರಕ ಹುದ್ದೆಯನ್ನೂ ಇವುಗಳ ಜೊತೆ ಹೋಲಿಸುವವರುಂಟು. 2024ರ ಅಧಿಸೂಚನೆಯ ಶ್ರೇಣಿ 28,550–63,000. ಆದರೆ ಮೊದಲ ಮೂರು ವರ್ಷ ತಿಂಗಳಿಗೆ ಕ್ರಮವಾಗಿ 17,000, 19,000, 21,000 ಮಾತ್ರ. ಮೂರು ವರ್ಷಕ್ಕೆ ಒಟ್ಟು 6.84 ಲಕ್ಷ. ಎಸ್‌ಡಿಎ ಅದೇ ಅವಧಿಯಲ್ಲಿ ಸುಮಾರು 15 ಲಕ್ಷ ಪಡೆಯುತ್ತಾರೆ. ಎಂಟು ಲಕ್ಷದ ಈ ಕಂದಕವನ್ನು ಮನೆಯ ಪರಿಸ್ಥಿತಿ ತಾಳೀತೇ ನೋಡಿ. ಸ್ಟೇಷನ್ ಪರಿಚಾರಕರದು ಪಾಳಿಯ ಕೆಲಸ, ಪಾಳಿ ಮುಗಿದರೆ ಮುಗಿಯಿತು. ಪವರ್‌ಮ್ಯಾನ್‌ಗೆ ಮಲೆನಾಡಿನ ಮಳೆಗಾಲ ಸಿಕ್ಕರೆ ರಾತ್ರಿಯೆನ್ನುವುದಿಲ್ಲ, ಅಪಾಯವೂ ಜೊತೆಗಿದೆ.

ನಿಮ್ಮ ಪರಿಸ್ಥಿತಿಗೆ ಯಾವುದು

ಮನೆಯಲ್ಲಿ ಸಾಲವಿದೆ, ತಂಗಿಯ ಮದುವೆ ಇದೆ, ಹಣ ಈಗಲೇ ಬೇಕು ಎನ್ನುವವರು ಮೊದಲು ಬಂದ ಆದೇಶಕ್ಕೆ ಸೇರಿಕೊಳ್ಳಿ. ಆರು ತಿಂಗಳ ಕಾಯುವಿಕೆ ಶ್ರೇಣಿಯ ಸಣ್ಣ ವ್ಯತ್ಯಾಸಕ್ಕಿಂತ ದುಬಾರಿ. ಮುಂದೆ ಕೆಎಎಸ್ ಬರೆಯಬೇಕೆಂದಿರುವವರಿಗೆ ಕಂದಾಯದಾಚೆಯ ಎಸ್‌ಡಿಎ, ಎಫ್‌ಡಿಎ ಹೊಂದುತ್ತದೆ. ವಯಸ್ಸಾದ ತಂದೆ-ತಾಯಿ, ಒಂದಿಷ್ಟು ಜಮೀನು ಇರುವವರು ಸ್ವಂತ ಜಿಲ್ಲೆಯ ವಿಎಒ ಅಥವಾ ಪ್ರಾಥಮಿಕ ಶಿಕ್ಷಕ ಹುದ್ದೆಯ ನಡುವೆ ಆಯ್ದುಕೊಳ್ಳಲಿ, ಬಿ.ಇಡಿ ಮತ್ತು ಟಿಇಟಿ ಇದ್ದರೆ ಶಿಕ್ಷಕ ಹುದ್ದೆಯೇ ಮೇಲು: ಹತ್ತು ಸಾವಿರ ಹೆಚ್ಚಿನ ಮೂಲ ವೇತನ, ನಿಯತ ಹೊತ್ತು. ಪಿಡಿಒ ಮತ್ತು ಪಿಎಸ್‌ಐ ನಡುವೆ ಸಂಬಳದ ವ್ಯತ್ಯಾಸವೇ ಇಲ್ಲ. ಸಮವಸ್ತ್ರದ ಆಸೆ ಇಲ್ಲದವರು ಪಿಎಸ್‌ಐಗೆ ಹೋಗಬಾರದು, ಅಲ್ಲಿನ ರಾತ್ರಿಗಳನ್ನು ಸಂಬಳವೊಂದೇ ತಾಳಿಸುವುದಿಲ್ಲ.

ಬಡ್ತಿಗೆ ಹುದ್ದೆ ಖಾಲಿಯಿಲ್ಲದ ಇಲಾಖೆಯೆಂದು ಹೆದರುವವರಿಗೆ: ಒಂದೇ ಹುದ್ದೆಯಲ್ಲಿ ಹತ್ತು ವರ್ಷ ಕಳೆದರೆ ಕಾಲಬದ್ಧ ಮುಂಬಡ್ತಿ, ಹದಿನೈದಕ್ಕೆ ಸ್ವಯಂಚಾಲಿತ ವಿಶೇಷ ಮುಂಬಡ್ತಿ, 20, 25, 30ಕ್ಕೆ ಹೆಚ್ಚುವರಿ ವೇತನ ಬಡ್ತಿ ಇವೆ. ಇಲಾಖಾ ಪರೀಕ್ಷೆ ಮತ್ತು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನು ಪರೀಕ್ಷಾರ್ಥ ಅವಧಿಯ ಎರಡು ವರ್ಷದೊಳಗೇ ಮುಗಿಸಿಬಿಡಿ. ಆ ಅವಧಿಯೊಳಗೆ ಬರುವ ವೇತನ ಬಡ್ತಿ ಸಿಗುತ್ತದೆ. ಅವಧಿ ಮುಗಿದ ಮೇಲೆ ತೃಪ್ತಿಕರವೆಂದು ಘೋಷಣೆಯಾಗುವವರೆಗೆ ಮುಂದಿನದು ನಿಲ್ಲುತ್ತದೆ. ಹೀಗೆ ಬಡ್ತಿ ನಿಂತಿದ್ದನ್ನು ನಾಲ್ಕನೇ ವರ್ಷ ಕಂಡುಕೊಳ್ಳುವವರು ಬಹಳ ಜನ.

ಒಂದು ಹುದ್ದೆಗೆ ಸೇರಿ ಇನ್ನೊಂದಕ್ಕೆ ಓದುವವರು ಅರ್ಜಿ ಹಾಕುವ ಮೊದಲೇ ನೇಮಕಾತಿ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರಕ್ಕೆ ಬರೆದು, ಸ್ವೀಕೃತಿಯ ಪ್ರತಿ ಇಟ್ಟುಕೊಳ್ಳಿ. ಸೇರುವ ಮುಂಚೆಯೇ ಬರೆದಿದ್ದ ಪರೀಕ್ಷೆಗಳ ವಿವರವನ್ನೂ ಕರ್ತವ್ಯಕ್ಕೆ ಹಾಜರಾದ ವಾರದಲ್ಲೇ ಲಿಖಿತವಾಗಿ ತಿಳಿಸಿ. ಅನುಮತಿ ಪಡೆದು ಬಿಟ್ಟರೆ ಹಿಂದಿನ ಸೇವೆ ಮತ್ತು ವೇತನ ರಕ್ಷಣೆಗೆ ದಾರಿಯಿರುತ್ತದೆ, ಪ್ರಾನ್ ಸಂಖ್ಯೆ ಹಾಗೆಯೇ ಮುಂದುವರಿಯುತ್ತದೆ. ಹೇಳದೆ ರಾಜೀನಾಮೆ ಕೊಟ್ಟರೆ ಹಿಂದಿನ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ, ಹೊಸ ಹುದ್ದೆಯಲ್ಲಿ ಮೊದಲ ಹಂತದಿಂದಲೇ ಶುರು ಮಾಡಬೇಕಾಗುತ್ತದೆ.